ಗುಣವತಿಯ ನಿದ್ದೆ

ಪೆರಂಬೂರು, ಚೆನ್ನೈ
ಭಾನುವಾರ, 17 ಆಗಸ್ಟ್ 2025

ಪ್ರೀತಿಯ ಅವ್ವನಿಗೆ ತೇಜಶ್ರೀಯ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ಅಪ್ಪಾಜಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಇಲ್ಲಿ ನಿನ್ನ ಮೊಮ್ಮಗ ಪ್ರಭುಗೆ ಹಲ್ಲು ಬರುತ್ತಿದೆ. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ಅವನ ಮೈ ಒಂಚೂರು ಬೆಚ್ಚಗಾದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಫೋನಿನಲ್ಲಿ ಹೇಳದೆ ಕಾಗದ ಬರೆದಳೇಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ಅರ್ಧ ಕೇಳಿಯೇ ನೀನು ತಂಗಿ ಗುಣಿಗೆ ಕರೆ ಮಾಡಿಬಿಡುತ್ತೀಯ, ಇದು ಅವಳದೇ ಸುದ್ದಿ.

ನಿನ್ನ ಕಿರಿಮಗಳನ್ನು ನರ್ಸಿಂಗ್ ಓದಲು ನನ್ನ ಹತ್ತಿರ ಬಿಟ್ಟು ಹೋಗುವಾಗ "ಹುಡುಗಾಟದ ಹುಡುಗಿ, ನೋಡ್ಕೋ" ಅಂದಿದ್ದೆ. ಈಗ ಅವಳೇ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಕಾಲೇಜಿನ ಕಟ್ಟಡ ರಿಪೇರಿಯಾಗುತ್ತಿರುವುದರಿಂದ ಪಾಠವೆಲ್ಲ ಮೊಬೈಲಿಗೆ ಬಂದಿದೆ. ಹಗಲೆಲ್ಲ ವಾರ್ಡಿನ ಡ್ಯೂಟಿ, ಮನೆಗೆ ಬಂದು ತುತ್ತು ಬಾಯಿಗಿಡುವಷ್ಟರಲ್ಲಿ ಕ್ಲಾಸು, ಅದರ ಹಿಂದೆಯೇ ಟೆಸ್ಟು. ಫೋನ್ ಕೆಳಗಿಟ್ಟ ಮೇಲೂ ಕಣ್ಣೊಳಗಿನ ಬೆಳಕು ಆರುವುದಿಲ್ಲವಂತೆ, ಬಹಳ ಹೊತ್ತು ಹೊರಳಾಡುತ್ತಾಳೆ. ಅಷ್ಟಾದರೂ ಫೋನನ್ನು ರೊಟ್ಟಿ ಡಬ್ಬಿಗೆ ಒರಗಿಸಿ, ಪ್ರಭುವನ್ನು ತೊಡೆಯ ಮೇಲೆ ಹಾಕಿಕೊಂಡು, "ಅಕ್ಕಾ, ನೀ ಮಲಕ್ಕೋ, ನಾ ಹೆಂಗೂ ಎದ್ದಿರ್ತೀನಲ್ಲ" ಅನ್ನುತ್ತಾಳೆ. ಒಮ್ಮೆ ಪಾಠದ ನಡುವೆ ತೂಕಡಿಸಿದಾಗ ಗೆಳತಿಯರು ಫೋನಿನೊಳಗಿಂದಲೇ "ಏಯ್ ಗುಣಾ, ತೂಂಗಾದೇ ಡೀ!" ಎಂದು ತಮಿಳಿನಲ್ಲಿ ಕೂಗಿ ಎಬ್ಬಿಸಿದರು, ಬೆಚ್ಚಿ ಅತ್ತವನು ಪ್ರಭು.

ಕಳೆದ ವಾರ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಔಷಧಿ ತುಂಬುವಾಗ ಸಿರಿಂಜಿನ ಗೆರೆಗಳು ಎರಡೆರಡಾಗಿ ಕಂಡವಂತೆ. ಕಣ್ಣುಜ್ಜಿಕೊಂಡು ಚುಚ್ಚಿಬಿಡಬಹುದಿತ್ತು. ಇವಳು ಅದನ್ನು ಕೆಳಗಿಟ್ಟು, ಲಕ್ಷ್ಮೀ ಸಿಸ್ಟರ್ ಹತ್ತಿರ ಹೋಗಿ, "ಇವತ್ತು ನನ್ನ ಕಣ್ಣು ನಂಬೋ ಹಾಗಿಲ್ಲ, ನೀವೇ ನೋಡಿ" ಅಂದಳಂತೆ. ಎಲ್ಲರೆದುರು ಬೈಸಿಕೊಂಡಳು. ಆಮೇಲೆ ಆ ಸಿಸ್ಟರೇ ಕಾಫಿ ಕೊಡಿಸಿ, "ಈ ಬುದ್ಧಿ ಬಿಡಬೇಡ, ಆದ್ರೆ ನಿದ್ದೆ ಮಾಡು ತಾಯಿ" ಅಂದರಂತೆ. ಡಿಗ್ರಿ ಮಾಡಿದವಳು ನಾನು, ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ ಅವ್ವಾ. ಆದರೆ ಇನ್ನೊಮ್ಮೆ ಹಾಗಾದಾಗ, ಕಣ್ಣು ಮೋಸ ಮಾಡಿದ್ದು ಅವಳಿಗೇ ತಿಳಿಯದೆ ಹೋದರೆ? ಅದೊಂದೇ ನನ್ನ ಭಯ.

ಅಪ್ಪಾಜಿಗೆ ನಮ್ಮೆಲ್ಲರ ಶರಣು. ನಿನಗೆ ಪ್ರಭುವಿನ ಜೊಲ್ಲುಮುತ್ತು.

ನಿನ್ನ ಮಗಳು,
ತೇಜಶ್ರೀ

ತಾ.ಕ.: ಪೂಜೆಗೆ ಕೂರುವ ಮುಂಚೆ, ಐದಕ್ಕೆಲ್ಲ, ಅವಳಿಗೆ ಫೋನ್ ಮಾಡಿ "ಏಳವ್ವಾ, ಮುಂಜಾನೆ ಓದಿದ್ದು ತಲೆಗೆ ಹತ್ತುತ್ತೆ" ಅನ್ನುತ್ತೀಯಲ್ಲ, ಅವಳು ನಿಜವಾಗಿಯೂ ಎದ್ದು ಕೂರುತ್ತಾಳೆ. ನಿನಗೆ ಬೇಡವೆನ್ನಲಾರಳು. ಅವಳಿಗೆ ಗಾಢವಾಗಿ ನಿದ್ದೆ ಹತ್ತುವುದೇ ಆ ಹೊತ್ತಿಗೆ. ಇನ್ನು ಮೇಲೆ ಆ ಫೋನು ನನಗೆ ಮಾಡು. ನನ್ನನ್ನು ಎಬ್ಬಿಸುವುದು ಬೇಕಿಲ್ಲ, ಅಷ್ಟರಲ್ಲಿ ಪ್ರಭು ಎಬ್ಬಿಸಿರುತ್ತಾನೆ, ಸುಮ್ಮನೆ ಮಾತಾಡು.