ಮೂವತ್ತು ದಿನದ ಇದ್ದಿಲು

ಅಕ್ಕನ ಮನೆಯಿಂದ
ಮಾರ್ಚ್ ೧೪

ಡಾಕ್ಟರ್ ಮೇಡಂ ಅವರಿಗೆ,

ಹನ್ನೊಂದು ವರ್ಷ ಜೊತೆಗಿದ್ದವಳನ್ನು ಈಗ ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವಂತೆ ಕರೆದಿದ್ದೇನೆ.

ನಿನ್ನ ಕಾಗದ ಮೊನ್ನೆ ಬಂತು. ಎರಡು ಸಾಲು ನನ್ನ ಆರೋಗ್ಯದ ಬಗ್ಗೆ, ಉಳಿದದ್ದೆಲ್ಲ ನಾಲೆಗೆ ಬಣ್ಣದ ನೀರು ಹರಿದದ್ದರ ತನಿಖೆಯ ಬಗ್ಗೆ. ಜೊತೆಗಿಟ್ಟ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದಿದ್ದೀಯ. ಮನೆಗೆ ಬಾ ಎನ್ನುವುದು ಕೊನೆಯಲ್ಲಿ, ತರಕಾರಿಯವಳು ಕೊಸರು ಹಾಕಿದ ಹಾಗೆ. ಅಕ್ಕ ಓದಿ, "ಇವಳು ಗಂಡನ್ನ ಕರೀತಿದಾಳೋ, ಸಾಕ್ಷೀನ ಕರೀತಿದಾಳೋ?" ಎಂದಳು.

ನೀನು ತನಿಖೆಯವರಿಗೆ ಬರೆದುಕೊಟ್ಟ ಹೇಳಿಕೆಯನ್ನು ಅಲ್ಲಿನ ಗುಮಾಸ್ತ ನನಗೆ ಓದಿ ಹೇಳಿದ. ಕಡಲೆಕಾಯಿ ಸಿಪ್ಪೆ ಸುಟ್ಟು ನೀನು ಮಾಡಿದ ಇದ್ದಿಲು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳೆನೀರಿನಿಂದ ಮೂವತ್ತು ದಿನ ಬಣ್ಣ ಹೀರಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಅದು ಸಾಬೀತಾಗಿದೆ. ಇದ್ದಿಲು ತುಂಬಿದ ತೊಟ್ಟಿಯಿಂದ ಬಣ್ಣ ಹೊರಬಿದ್ದಿದ್ದರೆ ಅದು "ನಿರ್ವಾಹಕನ ಅಜಾಗರೂಕತೆ". ಆ ಮಾತು ಬಂದಾಗ ಗುಮಾಸ್ತ ತಲೆ ಎತ್ತಿ ನನ್ನ ಮುಖ ನೋಡಿದ. ನಾವು ಗಂಡ ಹೆಂಡತಿ ಎಂದು ಅವನಿಗೂ ಗೊತ್ತಿತ್ತು.

ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು, ಬಣ್ಣ ಅಲ್ಲಿ ಹೋಗಿ ಅಂಟಿಕೊಳ್ಳುತ್ತದೆ, ಜಾಗ ಮುಗಿದ ಮೇಲೆ ಒಂದು ಹನಿಯನ್ನೂ ಹಿಡಿಯುವುದಿಲ್ಲ. ಇದನ್ನೆಲ್ಲ ನನಗೆ ಕಲಿಸಿದವಳು ನೀನು. ತೊಟ್ಟಿ ನೋಡಿಕೊಳ್ಳಲು ನನ್ನನ್ನು ಸೇರಿಸಿದವಳೂ ನೀನೇ. ಉದ್ಘಾಟನೆಯ ದಿನ ನೀನು ಬಂದೆ, ಫೋಟೋಗೆ ನಿಂತೆ, ಹೋದೆ. ದಿನವೂ ಕೆಳಗಿನ ನಲ್ಲಿಯಿಂದ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿದವನು ನಾನು. ಒಂಬತ್ತನೇ ದಿನಕ್ಕೆ ನೀರು ಗುಲಾಬಿಯಾಗುತ್ತಿತ್ತು. ಅದಕ್ಕೇ ಎರಡು ವರ್ಷ, ಯಾರಿಗೂ ಹೇಳದೆ, ಎಂಟು ದಿನಕ್ಕೊಮ್ಮೆ ಇದ್ದಿಲು ಬದಲಾಯಿಸಿದೆ. ಮೂಗು ಸೀನಿದರೆ ಕಪ್ಪು. ದಿಂಬಿನ ಕಲೆ ನೋಡಿ ನೀನು, "ತಿಂಗಳಿಗೊಂದ್ಸಲ ಮಾಡೋ ಕೆಲಸಕ್ಕೆ ಇಷ್ಟೊಂದು ಮಸೀನಾ?" ಎಂದು ನಕ್ಕಿದ್ದೆ.

ಹೊಸ ಮ್ಯಾನೇಜರು ಬಂದ. ಚೀಲಗಳು ಬೇಗ ಖಾಲಿಯಾಗುವುದನ್ನು ಕಂಡು ಉಗ್ರಾಣಕ್ಕೆ ಬೀಗ ಹಾಕಿದ. ನೀರಿನಲ್ಲಿ ಬಣ್ಣ ಬರುತ್ತಿದೆ ಎಂದರೆ, "ಡಾಕ್ಟ್ರು ಮೂವತ್ತು ಅಂದಿದಾರೆ. ನೀನು ಅವ್ರಿಗಿಂತ ಜಾಸ್ತಿ ಓದಿದೀಯೇನಪ್ಪಾ?" ಎಂದ. ಆ ಸಂಜೆ ನಿನಗೆ ಹೇಳಿದೆ. ನೀನು ಓದುತ್ತಿದ್ದ ಪುಸ್ತಕದಿಂದ ಕಣ್ಣು ತೆಗೆಯದೆ, "ನೀರು ಜೋರಾಗಿ ಬಿಡ್ತಿರ್ತೀಯ, ಅಷ್ಟೇ" ಎಂದೆ.

ಕಾರ್ಖಾನೆಯ ನೀರು ಸೇರುವ ನಾಲೆಯ ಕೆಳಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ಗೇಟಿಗೆ ಬಂದದ್ದು ಆಮೇಲೆ. ಹೆಗಲ ಮೇಲೆ ಗುಲಾಬಿಗೆ ತಿರುಗಿದ ಹಾಸಿಗೆ ಬಟ್ಟೆಗಳ ಗಂಟು. ಮೊಣಕೈವರೆಗೆ ಚರ್ಮ ಸುಲಿದಿತ್ತು. ಯಾರನ್ನೂ ಬೈಯಲಿಲ್ಲ. "ಇದನ್ನ ಬಿಳಿ ಮಾಡ್ಕೊಡಿ, ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ" ಎಂದು ಅಲ್ಲೇ ನೆಲದ ಮೇಲೆ ಕುಳಿತಳು. ಬಿಳಿ ಮಾಡಿಕೊಡಲು ಯಾರಿಂದಲೂ ಆಗಲಿಲ್ಲ. ಆಕೆಯ ಕೆಲಸ ಹೋಯಿತು. ಆಮೇಲೆ ನನ್ನದು. ನಿನಗೆ ಬಡ್ತಿ ಬಂತು.

ಹೇಳಿಕೆ ಕೇಳಿಸಿಕೊಂಡು ಮನೆಗೆ ಬಂದಾಗ ನಾನು ಕೂಗಾಡಲಿಲ್ಲ. ನೀನೇ ಅಂದೆ, "ನಿನ್ನ ಹೆಸರೇನೂ ಬರೆದಿಲ್ವಲ್ಲ!" ಬರೆದಿದ್ದರೆ ಚೆನ್ನಾಗಿತ್ತು. ಊರೆಲ್ಲ ಬೈದರೂ ಮರೆತೇನು, ಹೆಂಡತಿಯೇ ನನ್ನನ್ನು ಹೆಸರಿಲ್ಲದವನನ್ನಾಗಿ ಮಾಡಿದ್ದನ್ನು ಹೇಗೆ ಮರೆಯಲಿ? ಇಲ್ಲಿ ಭಾವ ನಾನು ಊಟಕ್ಕೆ ಕುಳಿತಾಗಲೆಲ್ಲ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಆದರೂ ಅನ್ನ ಗಂಟಲಲ್ಲಿ ಇಳಿಯುತ್ತದೆ. ಅಲ್ಲಿ ಇಳಿಯುತ್ತಿರಲಿಲ್ಲ.

ನೀನು ಕೇಳಿದ ಕಡೆ ಸಹಿ ಹಾಕಿದ್ದೇನೆ. ಕಾಗದ ಇದರೊಳಗಿದೆ. ಮನೆಗೆ ಬರುವುದಿಲ್ಲ.

ಕಾಗದಪತ್ರದ ಮಟ್ಟಿಗೆ ಇನ್ನೂ,
ನಿನ್ನ ಗಂಡ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ನಿನ್ನ ಮೂವತ್ತು ದಿನದ ಲೆಕ್ಕ ನಂಬಿ ಇನ್ನೆರಡು ಊರುಗಳಲ್ಲಿ ತೊಟ್ಟಿ ಕಟ್ಟುತ್ತಿದ್ದಾರೆಂದು ಇವತ್ತಿನ ಪೇಪರಿನಲ್ಲಿದೆ. ಇನ್ನು ಹೇಳದೆ ವಿಧಿಯಿಲ್ಲ. ನಿನ್ನ ಮೊದಲ ಪ್ರಯೋಗದ ಎಂಟನೇ ದಿನ ನೀನು ನಿಮ್ಮಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಓಡಿದೆ. ಆಗ ನಾನು ನಿನ್ನ ಲ್ಯಾಬಿನ ಸಹಾಯಕ. ದಿನವೂ ನೀರಿನ ಬಣ್ಣ ಅಳೆದು ಬರೆದಿಡು ಎಂದು ಪುಸ್ತಕ ನನ್ನ ಕೈಗೆ ಕೊಟ್ಟಿದ್ದೆ. ಮರುದಿನವೇ, ಒಂಬತ್ತನೇ ದಿನ, ಗಾಜಿನ ಕೊಳವೆಯಿಂದ ಬಣ್ಣ ಇಳಿಯಿತು. ಅದೇ ದಿನ ನಿಮ್ಮಪ್ಪ ಹೋದರು. ನೀನು ಫೋನಿನಲ್ಲಿ ಅಳುತ್ತಲೇ, "ಅದಾದ್ರೂ ಸರಿಯಾಗಿ ನಡೀತಿದೆ ತಾನೆ?" ಎಂದು ಕೇಳಿದೆ. ನಡೀತಿದೆ ಎಂದೆ. ಅವತ್ತಿನದೂ ಸೇರಿ ಉಳಿದ ಇಪ್ಪತ್ತೆರಡು ದಿನದ ಅಂಕಿಗಳು ನಾನು ಕುಳಿತು ಕಟ್ಟಿದವು. ತಿಂಗಳ ಮೇಲೆ ನೀನು ವಾಪಸು ಬಂದು ಆ ಪುಟಗಳನ್ನು ನೋಡಿ ಅತ್ತೆ. ನನ್ನನ್ನು ಮದುವೆಯಾಗ್ತೀಯಾ ಎಂದು ನೀನು ಕೇಳಿದ್ದೂ ಅವತ್ತೇ. ಆಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸಹಿ ಹಾಕಿದ ಕಾಗದ ಹರಿದುಹಾಕು. ತನಿಖೆಯವರಿಗೆ ಈ ಪುಟ ಕೊಡು. ನನ್ನ ಜೊತೆ ನಿನ್ನ ಹೆಸರೂ ಹೋಗುತ್ತದೆ, ಗೊತ್ತು. ಸೋಮವಾರದವರೆಗೆ ಕಾಯುತ್ತೇನೆ. ನೀನು ಕೊಡದಿದ್ದರೆ ನಾನೇ ಹೋಗಿ ಹೇಳುತ್ತೇನೆ.