ಅಕ್ಕುವಿಗಾಗಿ ಕಾಯಿಸಿದ ಎಣ್ಣೆ

೧೯ ಅಕ್ಟೋಬರ್ ೨೦೨೫, ಭಾನುವಾರ. ಉಮ್ಮ್ ಸಲಾಲ್, ಗಲ್ಫಿನಲ್ಲಿ ಮಗನ ಮನೆ
ಐದೂವರೆಗೆ ನಡಿಗೆ. ಕಟ್ಟಡಕ್ಕೆ ನಾಲ್ಕು ಸುತ್ತು. ಮೊಬೈಲಿನಲ್ಲಿ ಪತ್ರಿಕೆ, ಮುಖಪುಟದಲ್ಲಿಯೇ ಎರಡು ಕಾಗುಣಿತ ದೋಷ. ನಾಳೆ ನರಕ ಚತುರ್ದಶಿ. ಹೆಂಡತಿ ಅಕ್ಕು ತೀರಿಕೊಂಡ ಮೇಲಿನ ಮೊದಲ ದೀಪಾವಳಿ. ಎಣ್ಣೆಸ್ನಾನ ತಪ್ಪಕೂಡದು. ಮಗ ವಿಕಾಸನಿಗೆ ಹೇಳಿದೆ. "ಆಫೀಸ್ ಉಂಟಲ್ಲ ಅಪ್ಪಾ" ಎಂದ. ಐದು ನಿಮಿಷದ ಕೆಲಸ ಎಂದೆ.

೨೦ ಅಕ್ಟೋಬರ್, ಸಂಜೆ
ಅನರ್ಥವಾಯಿತು. ಕಪಾಟಿನ ಮೂಲೆಯಲ್ಲೊಂದು ಗಾಜಿನ ಶೀಸೆ, ಘಮಘಮಿಸುವ ಎಣ್ಣೆ, ಹೆಸರಿನ ಚೀಟಿ ಇಲ್ಲ. ಸೊಸೆ ಹಬ್ಬಕ್ಕೆ ಕಾಯಿಸಿಟ್ಟದ್ದೆಂದು ಭಾವಿಸಿದೆ. ಬಿಸಿ ಮಾಡಿ ಅಷ್ಟನ್ನೂ ವಿಕಾಸನ ನೆತ್ತಿಗೆ ತಟ್ಟಿದೆ. "ಅಪ್ಪಾ, ಇದೆಂಥದ್ದು? ತಲೆ ಉರೀತಾ ಉಂಟು!" ಮೂರು ಸಲ ಶಾಂಪೂ ಹಾಕಿದರೂ ವಾಸನೆ ಹೋಗಲಿಲ್ಲ. ಮುಶೈರಿಬ್‌ನ ಆಫೀಸಿನಲ್ಲಿ ಗೆಳೆಯ ಸಿರಿಲ್, "ಏ ವಿಕಾಸ್, ಬಿರಿಯಾನಿ ಎಲ್ಲಿ ಅಡಗಿಸಿಟ್ಟಿದ್ದಿ ಮಾರಾಯ?" ಎಂದನಂತೆ.
ನಗುವಂತಿಲ್ಲ. ಶೀಸೆ ಮೊಮ್ಮಗಳು ಮೋಕ್ಷಾಳದು. ಶಾಲೆಯಿಂದ ಬಂದವಳು ಖಾಲಿ ಶೀಸೆ ಹಿಡಿದು ನೆಲದ ಮೇಲೆಯೇ ಕುಳಿತಳು. "ಅಜ್ಜ, ಅದು ಹೇರ್ ಆಯಿಲ್ ಅಲ್ಲ. ನ್ಯೂ ಮೂನ್‌ನಿಂದ ಫುಲ್ ಮೂನ್ ತನಕ ದಿನಾ ಶೇಕ್ ಮಾಡಿದ್ದೆ. ಅಜ್ಜಿಗೆ ಅಂತ."

೨೧ ಅಕ್ಟೋಬರ್
ವಿಕ್ಕಾ ಎಂಬ ಪಂಥ, ಪಾಶ್ಚಾತ್ಯ ಮಾಟಗಾತಿಯರದು. ಪುಸ್ತಕ ಓದಿ, ಮೋಕ್ಷಾ ತಾನೇ ಕಲಿತದ್ದು. ಈ ತಿಂಗಳ ಮೂವತ್ತೊಂದು ಅವರಿಗೆ ಗತಿಸಿದವರನ್ನು ನೆನೆಯುವ ದಿನ. ಮೇಣದ ಬತ್ತಿಗೆ ಎಣ್ಣೆ ಸವರಿ ಹಚ್ಚುತ್ತಾರೆ. ನಮ್ಮಲ್ಲಿ ಇಲ್ಲದ್ದೇನು ಅದರಲ್ಲಿದೆ ಎಂದು ಕೇಳಿದೆ.
"ನಮ್ಮದರಲ್ಲಿ ನನ್ನನ್ನು ಕರೀಲೇ ಇಲ್ವಲ್ಲ ಅಜ್ಜ."
ಮಾರ್ಚ್‌ನಲ್ಲಿ ಊರಿನಲ್ಲಿ ಅಕ್ಕು ಸಾವಿನ ಹಾಸಿಗೆಯಲ್ಲಿದ್ದಾಗ ಮೋಕ್ಷಾಳಿಗೆ ಹತ್ತನೆಯ ತರಗತಿಯ ಪರೀಕ್ಷೆ. ಕರೆತರಬೇಡ, ಪರೀಕ್ಷೆ ಮುಖ್ಯ ಎಂದು ವಿಕಾಸನಿಗೆ ಫೋನಿನಲ್ಲಿ ಹೇಳಿದವನು ನಾನು. ಅದು ಅವಳಿಗೆ ಗೊತ್ತಿಲ್ಲ. ಅಪ್ಪನದೇ ತೀರ್ಮಾನ ಎಂದುಕೊಂಡಿದ್ದಾಳೆ.

೨೩ ಅಕ್ಟೋಬರ್
ಹುಣ್ಣಿಮೆ ನವೆಂಬರ್ ಐದಕ್ಕೆ. ಕಾಯಲು ಸಮಯವಿಲ್ಲ. ನೀರಿನ ಪಾತ್ರೆಯಲ್ಲಿ ಶೀಸೆ ನಿಲ್ಲಿಸಿ ಸಣ್ಣ ಉರಿಯಲ್ಲಿ ಕಾಯಿಸಬಹುದೆಂದೆ. ಆಲಿವ್ ಎಣ್ಣೆ, ರೋಸ್ಮರಿ, ದಾಲ್ಚಿನ್ನಿ, ನಾಲ್ಕೇ ಲವಂಗ. ತೊಳೆದ ರೋಸ್ಮರಿಯನ್ನು ಹಾಗೆಯೇ ಹಾಕಹೊರಟಿದ್ದಳು. ತಡೆದೆ. ನೀರಿನ ಪಸೆ ಉಳಿದರೆ ಎಣ್ಣೆ ಕೆಡುತ್ತದೆ. ಬಟ್ಟೆಯ ಮೇಲೆ ಹರಡಿಸಿ ಒಣಗಿಸಿದೆ.
"ಅಜ್ಜ, ನೀವೂ ವಿಚ್!"
"ಮೇಷ್ಟ್ರು ಅನ್ನು. ಅದೇ ಸಾಕು."
ಬಹಳ ದಿನಗಳ ಮೇಲೆ ನಕ್ಕಳು. ಬಲಕ್ಕೆ ಕಲಕುತ್ತ ಗತಿಸಿದವರ ಕುರಿತು ನಿಜವಾದದ್ದನ್ನೇ ನುಡಿಯಬೇಕು. ಅದು ನಿಯಮ. ಅಜ್ಜಿಯ ನೀರುದೋಸೆ, ಅಜ್ಜಿಯ ಬೈಗುಳ ಎಲ್ಲ ಹೇಳಿದಳು. ಚಮಚ ನನ್ನ ಕೈಗೆ ಬಂತು.
"ಲಾಸ್ಟ್‌ಗೆ ಅಜ್ಜಿ ನನ್ನನ್ನು ಕೇಳಿದ್ರಾ?"
"ಪ್ರಜ್ಞೆ ಇರಲಿಲ್ಲ ಮಗಾ" ಎಂದೆ.
ಇತ್ತು. ಕೊನೆಯ ಮೂರು ದಿನವೂ ಇತ್ತು.

೨೯ ಅಕ್ಟೋಬರ್
ನಡಿಗೆ ಎಂಟು ಸುತ್ತಾದರೂ ನಿಲ್ಲಲಾಗುವುದಿಲ್ಲ. ಓದಿದ ಪುಟವನ್ನೇ ಓದುತ್ತೇನೆ. ಮೋಕ್ಷಾ ಎಣ್ಣೆ ಸೋಸಿ, ಈ ಸಲ ಚೀಟಿ ಅಂಟಿಸಿ, ಕಿಟಕಿಯಲ್ಲಿಟ್ಟಿದ್ದಾಳೆ. "ಸ್ಮೆಲ್ ಸರಿ ಬಂದಿದೆಯಾ ಅಜ್ಜ?" ಬಂದಿದೆ. ಸುಳ್ಳು ಕಲಕಿದ ಎಣ್ಣೆಗೆ ವಾಸನೆ ಬೇರೆಯಾಗುವುದಿಲ್ಲ. ನನಗಿದರಲ್ಲಿ ನಂಬಿಕೆಯಿಲ್ಲ. ಅವಳಿಗಿದೆಯಲ್ಲ.
ವಿಕಾಸನೊಡನೆ ಅವಳು ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಅವನೂ ನನ್ನ ಹೆಸರು ಹೇಳಿಲ್ಲ. ಏಳು ತಿಂಗಳು.

೩೧ ಅಕ್ಟೋಬರ್, ಶುಕ್ರವಾರ. ೪.೪೦
ಸೂರ್ಯಾಸ್ತಕ್ಕೆ ಹದಿನೈದು ನಿಮಿಷ. ಬಾಲ್ಕನಿಯಲ್ಲಿ ಬಿಳಿಯ ಮೇಣದ ಬತ್ತಿ, ಅಕ್ಕುವಿನ ಫೋಟೋ. ಮೋಕ್ಷಾ ಬತ್ತಿಯ ನಡುವಿನಿಂದ ಎರಡು ತುದಿಗಳತ್ತ ಎಣ್ಣೆ ಸವರುತ್ತಿದ್ದಾಳೆ. ಒಳಬಂದು ಇದನ್ನು ಬರೆಯುತ್ತಿದ್ದೇನೆ. ಎದುರು ನಿಂತಾಗ ತಪ್ಪಬಾರದೆಂದು ವಾಕ್ಯಗಳನ್ನು ಮೊದಲೇ ಜೋಡಿಸಿಕೊಳ್ಳುತ್ತೇನೆ:
ಬರಬೇಡ ಎಂದವನು ನಿನ್ನ ಅಪ್ಪನಲ್ಲ. ನಾನು. ಅಜ್ಜಿ ನಿನ್ನನ್ನು ಕೇಳಿದರು. ಬಾಗಿಲ ಸದ್ದಾದಾಗಲೆಲ್ಲ ಕೇಳಿದರು. ನಾಳೆ ಬರುತ್ತಾಳೆ ಎಂದೆ. ಕೊನೆಯ ದಿನವೂ ಹಾಗೆಯೇ—
"ಅಜ್ಜ, ಬನ್ನಿ! ಪಪ್ಪನನ್ನೂ ಕರೀಲಾ, ಬೇಡ್ವಾ?"
ಕರೆ ಎಂದೆ. ಇಬ್ಬರೂ ಇರುವಾಗಲೇ ಹೇಳಿಬಿಡುತ್ತೇನೆ.