ನಮ್ಮೂರಿನ ಎದುರಿನ ಸೊನ್ನೆ

ಕೃಷ್ಣರಾಜಪೇಟೆ
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಆಲೆಮನೆಗೆ ಹೋದರೆ ಬಿಸಿ ಬೆಲ್ಲ ನೆಕ್ಕಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುವವನು ನೀನು, ಅದಕ್ಕೇ ಕೇಳಿದೆ. ಅವ್ವ ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಹಾಗೇ ಇದೆ. ಕೆಂಚಿ ಹಸು ಹೆಣ್ಣುಗರು ಹಾಕಿದೆ. ನಿನ್ನ ಫೋನು ನಾಲ್ಕು ತಿಂಗಳಿಂದ ಸ್ವಿಚ್ ಆಫ್. ಮೊದಮೊದಲು ಕೋಪದಲ್ಲಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ, ಈಗ ಭಾನುವಾರ ಒಂದು ಸಲ ಮಾಡಿ ಸುಮ್ಮನಾಗುತ್ತೇನೆ. ಬಸ್ ಸ್ಟ್ಯಾಂಡ್ ಹಿಂದಿನ ಈ ಬಾಡಿಗೆ ಕೋಣೆಯಲ್ಲಿ ಭಾನುವಾರ ಕಳೆಯುವುದೇ ಕಷ್ಟ. ಕಂಡಕ್ಟರುಗಳು ಕೂಗುವ ಊರುಗಳ ಹೆಸರು ಕೇಳುತ್ತಾ ಕೂತಿರುತ್ತೇನೆ. ಒಬ್ಬಳಿಗೇ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ಎಷ್ಟೋ ಸಲ ಎರಡು ಬಾಳೆಹಣ್ಣು ತಿಂದು ಮಲಗಿದ್ದೇನೆ. ಅವ್ವನಿಗೆ ಇದನ್ನು ಹೇಳಬೇಡ.

ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ನನ್ ತಂಗಿ ಕಂಪ್ಯೂಟ್ರಲ್ಲಿ ರೋಗ ಎಣುಸ್ತಾಳೆ" ಅಂತ ಊರಿಗೆಲ್ಲ ಸಾರಿಕೊಂಡು ಬಂದೆ. ಈಗಲಾದರೂ ಕೇಳು. ಯಾವ ಊರಿನಲ್ಲಿ ಎಷ್ಟು ಜನರಿಗೆ ಕ್ಷಯ ಇರಬಹುದು ಅಂತ ನಾವು ಅಂದಾಜು ಮಾಡುತ್ತೇವೆ. ಇನ್ನೂರು ಮನೆಯ ಊರಿನಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಾರೆ, ಅಷ್ಟನ್ನೇ ನೆಚ್ಚಿಕೊಂಡು ಏನೂ ಹೇಳಲಾಗದು. ಅದಕ್ಕೆ ಸುತ್ತಲ ಊರುಗಳ ಸಂಖ್ಯೆ, ಹಿಂದಿನ ವರ್ಷಗಳದ್ದು, ಒಂದೊಂದು ಮನೆಯಲ್ಲಿ ಎಷ್ಟು ಜನ ಅನ್ನುವುದು, ಎಲ್ಲ ಸೇರಿಸಿ ಕಂಪ್ಯೂಟರು ಒಂದು ಅಂಕಿ ಕೊಡುತ್ತದೆ. ಸಾರಿಗೆ ಉಪ್ಪು ಸಾಲದಾಗ ಪಕ್ಕದ ಮನೆಯಿಂದ ಕೇಳಿ ತರುವ ಹಾಗೆ.

ಅಕ್ಕಿಹೆಬ್ಬಾಳಿನ ಪಕ್ಕದ ನಮ್ಮೂರಿನ ಎದುರು ರೋಗಿಗಳ ಪಟ್ಟಿಯಲ್ಲಿ ಸೊನ್ನೆ ಇತ್ತು. ಕಂಪ್ಯೂಟರು ಎರಡು ಅಂದಿತು. ನನಗೆ ಸಿಟ್ಟು ಬಂತು. ನಮ್ಮ ಮೇಲಧಿಕಾರಿ ಶಂಕರ್ ಸರ್ ಹತ್ತಿರ ಹೋಗಿ, ಆ ಊರಿನ ಮನೆಮನೆಯೂ ನನಗೆ ಗೊತ್ತು, ಸೊನ್ನೆಯೇ ಸರಿ ಅಂತ ವಾದ ಮಾಡಿದೆ. ಅವರು ನಕ್ಕು, "ಸೊನ್ನೆ ಅಂದ್ರೆ ಯಾರೂ ಇಲ್ಲ ಅಂತ ಅಲ್ಲಮ್ಮ ದಿವ್ಯ, ಯಾರೂ ನಮ್ ಕಣ್ಣಿಗೆ ಬಿದ್ದಿಲ್ಲ ಅಂತ" ಅಂದರು. ಇತ್ತ ಅರಕೆರೆಯಲ್ಲಿ ಅಂದಾಜಿಗಿಂತ ಹೆಚ್ಚು ರೋಗಿಗಳಿದ್ದರು. ಆ ರೋಗಿಗಳು ಕೊಟ್ಟ ವಿಳಾಸ ನಿಜವೋ ಸುಳ್ಳೋ ನೋಡಿಕೊಂಡು ಬಾ ಅಂತ ಸರ್ ನನ್ನನ್ನೇ ಕಳಿಸಿದರು.

ನನ್ನ ಹಾಳೆಯಲ್ಲಿ ಹೆಸರಿರುವುದಿಲ್ಲ ಅಣ್ಣಾ, ವಯಸ್ಸು, ಊರು ಅಷ್ಟೇ. ಅಲ್ಲಿನ ಆಶಾ ಕಾರ್ಯಕರ್ತೆ ಮೇಘನ ಮುಂದೆ ಮುಂದೆ ನಡೆದು ಮನೆ ತೋರಿಸುತ್ತಿದ್ದಳು. ಹಾಳೆಯಲ್ಲಿ ಮೂರನೆಯದು: ಗಂಡಸು, ಇಪ್ಪತ್ತೊಂಬತ್ತು ವರ್ಷ, ಮೂರನೇ ತಿಂಗಳ ಮಾತ್ರೆ ತೆಗೆದುಕೊಂಡಿಲ್ಲ. ನಾಲೆ ದಾಟಿ ಅವಳು ನಿಂತದ್ದು ನಮ್ಮ ಸಿದ್ದಲಿಂಗಮ್ಮತ್ತೆಯ ಬಾಗಿಲಲ್ಲಿ. ಅತ್ತೆಗೆ ಗಂಡುಮಕ್ಕಳೇ ಇಲ್ಲವಲ್ಲ! ನನ್ನನ್ನು ಕಂಡಿದ್ದೇ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೇನ್ ಮಾಡ್ಲವ್ವ, ನಮ್ಮೂರ್ ಎಸ್ರು ಬರ್ಸುದ್ರೆ ಮನೆ ತಾವ್ಕೇ ಬತ್ತಾರೆ, ತಂಗಿ ಮದ್ವೆ ಮುರ್ದೋಯ್ತದೆ ಅಂತ ನಿಮ್ಮಣ್ಣ ಈ ಮನೆ ನಂಬ್ರು ಕೊಟ್ಟವ್ನೆ. ಎಲ್ಡು ತಿಂಗ್ಳು ಬಂದು ಮಾತ್ರೆ ಇಸ್ಕೊಂಡೋದ. ಈ ತಿಂಗ್ಳು ಬರ್ನೇ ಇಲ್ಲ ಕಣವ್ವ" ಅಂದಳು. ಪಾಂಡವಪುರದ ಕಡೆಯ ಯಾವುದೋ ಆಲೆಮನೆ ಅನ್ನುವುದು ಬಿಟ್ಟರೆ ಅವಳಿಗೂ ನಿನ್ನ ಜಾಗ ಗೊತ್ತಿಲ್ಲ. ಮರುದಿನ ಏಳು ಆಲೆಮನೆ ಸುತ್ತಿದೆ. ಎಲ್ಲೂ ನೀನಿರಲಿಲ್ಲ.

ನಾಗಮಂಗಲದ ಕಿಶನ್ ಮನೆಯವರು ನನ್ನನ್ನು ನೋಡಲು ಬಂದ ದಿನ ನೆನಪಿದೆಯಾ? ನೀನು ಜಗುಲಿಯಲ್ಲಿ ಕೂತು ಕೆಮ್ಮುತ್ತಿದ್ದೆ. ನಾನು ಬಾಗಿಲ ಸಂದಿಯಿಂದ, "ಇತ್ಲಿಗೋಗಿ ಕೆಮ್ಮಣ್ಣ, ಬಂದೋರು ಏನಂದ್ಕಂಡಾರು" ಅಂದೆ. ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಹೋದೆ ನೀನು, ವಾರದೊಳಗೆ ಊರೇ ಬಿಟ್ಟೆ. ಹಿತ್ತಲಿಗೆ ಕಳಿಸಿದವಳೂ ನಾನೇ, ನಮ್ಮೂರಲ್ಲಿ ಯಾರೂ ಇಲ್ಲ ಅಂತ ವಾದಿಸಿದವಳೂ ನಾನೇ.

ಆರು ತಿಂಗಳು ಬಿಡದೆ ನುಂಗಿದರೆ ವಾಸಿಯಾಗುವ ಕಾಯಿಲೆ ಇದು. ಕೆಮ್ಮು ನಿಂತಿತು ಅಂತ ನಡುವೆ ಬಿಟ್ಟರೆ ಮಾತ್ರೆಗೂ ಬಗ್ಗದ ಹಾಗೆ ಬಲಿತುಬಿಡುತ್ತದೆ. ನಿನ್ನ ಮಾತ್ರೆ ಮೇಘನಳ ಹತ್ತಿರ ಇದೆ. ಅವ್ವನಿಗೂ ನನಗೂ ಪರೀಕ್ಷೆ ಮಾಡಿಸಿದೆ, ಇಬ್ಬರಿಗೂ ಇಲ್ಲ. ವಿಷಯ ಕೇಳಿ ಅವ್ವ ಅಳಲಿಲ್ಲ. "ಅದ್ಕೇನಂತೆ, ವಾಸಿಯಾಯ್ತದೆ. ನನ್ ಮಗ ಎಲ್ಲವ್ನೆ, ಅದೇಳು ಮೊದ್ಲು" ಅಂದಳು.

ಈ ಕಾಗದವನ್ನು ಅತ್ತೆಯ ಕೈಗೆ ಕೊಡುತ್ತೇನೆ, ನೀನು ಅಲ್ಲಿಗೆ ಬಂದೇ ಬರುತ್ತೀಯ ಅಂತ ನಂಬಿದ್ದೇನೆ. ಅವ್ವನ ಆಶೀರ್ವಾದ ನಿನ್ನ ಬೆನ್ನಿಗಿರಲಿ. ನನ್ನ ನಮಸ್ಕಾರ.

ನಿನ್ನ ತಂಗಿ,
ದಿವ್ಯ

ವಿ.ಸೂ.: ಬಸ್ಸು ಹೊರಡುತ್ತಿದೆ, ಗೀಚುತ್ತಿದ್ದೇನೆ. ನಿನ್ನೆ ಕಿಶನ್‌ಗೆ ಫೋನು ಮಾಡಿ, ನಮ್ಮಣ್ಣನಿಗೆ ಕ್ಷಯ ಅಂತ ನಾನೇ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪು, ಬಂದು ಬೈಯಿ. ಮನೆಯಲ್ಲಿ ಕೇಳಿ ತಿಳಿಸ್ತೀನಿ ಅಂದ, ಇನ್ನೂ ತಿಳಿಸಿಲ್ಲ. ಅವರು ಬರಲಿ ಬಿಡಲಿ, ನೀನು ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ. ಮಾತ್ರೆ ಇಸಿದುಕೊಂಡು ಮನೆಗೆ ಬಾ ಅಣ್ಣಾ. ಬಂದು ಜಗುಲಿಯಲ್ಲೇ ಕೂತು ಕೆಮ್ಮು.